ಬೆನ್ನು ಬಿಡದ ಮನೆ

ಈಗಲೂ ಕೋಪ ಬಂದರೆ ನಾನು ಮನೆ ಬಿಟ್ಟು ಹೋಗುತ್ತೇನೆ. ತಲೆ ನೆರೆತಿದೆ, ಮೊಮ್ಮಕ್ಕಳು ಕಿಸಕ್ಕನೆ ನಗುತ್ತಾರೆ, ಆದರೂ ಹೋಗುತ್ತೇನೆ. ಚಪ್ಪಲಿ ಮೆಟ್ಟಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಣದ ಬೀದಿಯ ಕೊನೆಯವರೆಗೂ ದಡದಡ ನಡೆದು ಅಲ್ಲಿ ನಿಂತು ತಿರುಗಿ ನೋಡುತ್ತೇನೆ. ಮನೆ ಇದ್ದಲ್ಲೇ ಇರುತ್ತದೆ. ನನ್ನ ಹಾಲುಹಲ್ಲು ಬಿದ್ದು ಯಾವ ಕಾಲವಾಯಿತು, ಅದು ಯಾಕೆ ಬಂದೀತು? ಸ್ವಲ್ಪ ಹೊತ್ತು ನಿಂತಿದ್ದು, ಒಲೆ ಮೇಲೆ ಬೇಳೆ ಇಟ್ಟಿದ್ದು ನೆನಪಾಗಿ ವಾಪಸು ಬರುತ್ತೇನೆ.

ನಮ್ಮೂರಲ್ಲಿ ಹಾಲುಹಲ್ಲು ಉಳಿದಿರುವ ಮಗು ನಿಜವಾದ ಕೋಪದಲ್ಲಿ ಮನೆ ಬಿಟ್ಟು ಹೊರಟರೆ ಮನೆಯೂ ಎದ್ದು ಹಿಂದೆ ಹೊರಡುತ್ತದೆ. ನಾಲ್ಕು ಮಾರು ದೂರ ಬಿಟ್ಟು, ಅವಸರ ಮಾಡದೆ ಬರುತ್ತದೆ. ಒಳಗಿದ್ದವರು ಒಳಗೇ ಇರುತ್ತಾರೆ. ಮಗುವಿನ ಕೋಪ ಇಳಿದರೆ ಮನೆ ಅಲ್ಲೇ ಕೂತುಬಿಡುತ್ತದೆ, ಕೂತ ಮೇಲೆ ಅದೇ ಅದರ ಜಾಗ. ಅದನ್ನು ಮತ್ತೆ ಎಬ್ಬಿಸಬೇಕಾದರೆ ಆ ಮಗುವೇ ಇನ್ನೊಮ್ಮೆ ಮುನಿಸಿಕೊಳ್ಳಬೇಕು. ಹಾಗಾಗಿ ನಮ್ಮ ಹೆಂಗಸರು ಮಕ್ಕಳನ್ನು ಬೈಯುವ ಮುಂಚೆ ಒಲೆ ಮೇಲಿನ ಹಾಲು ಇಳಿಸುತ್ತಿದ್ದರು. ಅಟ್ಟದ ಪಾತ್ರೆಗಳಿಗೆಲ್ಲ ದಾರ ಕಟ್ಟಿರುತ್ತಿದ್ದರು. ಪೋಸ್ಟ್‌ಮ್ಯಾನ್ ಶಂಭಯ್ಯ ವಿಳಾಸವನ್ನು ಓದುತ್ತಲೇ ಇರಲಿಲ್ಲ. ಬೆಳಗ್ಗೆ ಟೀ ಅಂಗಡಿಯಲ್ಲಿ ಕೂತು, “ಯಾರ್ ಮನೆ ಮಗ ಯಾವ್ ಕಡೀಕ್ ಮುನಿಸ್ಕೊಂಡದೆ?” ಎಂದು ವಿಚಾರಿಸಿಕೊಂಡು ಚೀಲ ಏರಿಸುತ್ತಿದ್ದ.

ನಮ್ಮ ಮನೆಗೆ ನಾನೊಬ್ಬಳೇ ಮಗು. ಹೆಸರು ಚಂಪಿ. ಅಪ್ಪ ಟೈಲರ್ ಮರಿಸ್ವಾಮಿ, ನಡುಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ. ಅವ್ವ ಕಾಜ ಗುಂಡಿ ಹಾಕುತ್ತಿದ್ದಳು. ಅಪ್ಪನ ಅಕ್ಕ ಹೊನ್ನತ್ತೆ ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಅವಳ ಮಂಡಿ ಹಿಡಿದುಕೊಂಡಿತ್ತು, ಬಾಯಿ ಮಾತ್ರ ಚೆನ್ನಾಗಿತ್ತು. ಗಾಣದ ಬೀದಿಯಲ್ಲಿ ನಮ್ಮ ಪಕ್ಕದ ಮನೆ ಚಿಕ್ಕತಾಯಮ್ಮನದು. ಹೆಸರಿಗೆ ಚಿಕ್ಕತಾಯಿ, ಬಾಗಿಲಲ್ಲಿ ಬರಬೇಕಾದರೆ ಒಂದು ಮಗ್ಗುಲಾಗಿ ಬರಬೇಕು. ಎರಡು ಜಗಲಿಗಳ ನಡುವೆ ಒಂದು ತೋಳು ಹಾಯುವಷ್ಟು ಸಂದಿ. ಮಧ್ಯಾಹ್ನವಾದರೆ ಹೊನ್ನತ್ತೆ, ಚಿಕ್ಕತಾಯಮ್ಮ ಇಬ್ಬರೂ ನಮ್ಮ ಜಗಲಿಯಲ್ಲಿ ಇದ್ದಿಲಿನಿಂದ ಬರೆದ ಚೌಕಾಬಾರದ ಮುಂದೆ ಕೂತು, ಕವಡೆ ಉರುಳಿಸಿಕೊಂಡು, ಒಬ್ಬರನ್ನೊಬ್ಬರು ಕಳ್ಳಿ, ಮಳ್ಳಿ ಎಂದು ಬೈದುಕೊಂಡು ಸುಖವಾಗಿರುತ್ತಿದ್ದರು. ಆಟದ ನಡುವೆ ಚಿಕ್ಕತಾಯಮ್ಮ ತನ್ನ ಮನೆಗೆ ಹೋಗಿ ಕಾಫಿ ತರುತ್ತಿದ್ದಳು. ಹೊನ್ನತ್ತೆಗೆ ಯಾವಾಗಲೂ ಅದೇ ಸೊಟ್ಟ ಲೋಟ. ಯಾವುದೋ ಕಾಲದಲ್ಲಿ ಬಾವಿ ಕಟ್ಟೆ ಮೇಲೆ ಬಿದ್ದು ಒಂದು ಕಡೆ ನೆಗ್ಗಿಹೋಗಿದ್ದ ಲೋಟ ಅದು.

ನಾನು ಮೊದಲ ಸಲ ಓಡಿಹೋಗಿದ್ದು ಹೇನಿನ ದೆಸೆಯಿಂದ. ಅವ್ವ ಅಪ್ಪನ ದೊಡ್ಡ ಕತ್ತರಿ ತಂದು ನನ್ನ ಜಡೆಯನ್ನು ಕುತ್ತಿಗೆ ಮಟ್ಟಕ್ಕೆ ಕತ್ತರಿಸಿಬಿಟ್ಟಳು. ಕನ್ನಡಿ ನೋಡಿದೆ, ನೋಡಿ ಗೋಳೋ ಎಂದೆ. ಒಂದು ಲಂಗ, ಒಂದು ಅಚ್ಚು ಬೆಲ್ಲ, ಅಪ್ಪನ ಅಳತೆ ಟೇಪು, ಇಷ್ಟನ್ನು ಗಂಟು ಕಟ್ಟಿಕೊಂಡು ಹೊರಟೆ. ಟೇಪು ಯಾಕೆಂದರೆ ಎಷ್ಟು ದೂರ ಹೋದೆ ಎಂದು ಅಳೆಯಬೇಕಲ್ಲ. ಸಂತೆಮಾಳ ದಾಟಿ ತಿರುಗಿ ನೋಡಿದರೆ ಮನೆ ಗಂಭೀರವಾಗಿ ಬರುತ್ತಿದೆ. ಕಿಟಕಿಯಲ್ಲಿ ಅಪ್ಪ, ಜಗಲಿಯಲ್ಲಿ ಹೊನ್ನತ್ತೆ.

“ಅಯ್ಯೋ ನಿನ್ ಮನೆ ಕಾಯ್ವಾಗ! ನಿಲ್ಲೇ! ಚಿಕ್ತಾಯಿ ಕಾಫಿ ತರೋಕ್ ಹೋಗವ್ಳೆ ಕಣೇ!” ಎಂದು ಅತ್ತೆ ಕೂಗುತ್ತಿದ್ದಳು.

ನಿಜ. ಮನೆ ಎದ್ದ ಗಳಿಗೆಯಲ್ಲಿ ಚಿಕ್ಕತಾಯಮ್ಮ ಎರಡು ಕೈಯಲ್ಲಿ ಎರಡು ಲೋಟ ಹಿಡಿದುಕೊಂಡು ಹೊರಗೆ ಬಂದಿದ್ದಳಂತೆ. ನೋಡಿದರೆ ಪಕ್ಕದಲ್ಲಿ ಬಯಲು. “ನಿನ್ ಆಟ ಕಣೇ ಹೊನ್ನೀ!” ಎಂದು ಕೂಗಿದಳಂತೆ. ಹೊನ್ನತ್ತೆಯ ಪ್ರಕಾರ ಆಟ ಚಿಕ್ಕತಾಯಮ್ಮನದೇ ಆಗಿತ್ತು. ನನ್ನ ಕೋಪ ಕೆರೆಯ ಏರಿಯ ಹತ್ತಿರ ಇಳಿಯಿತು, ಮನೆ ಅಲ್ಲಿ ಕೂತಿತು.

ಎರಡನೆಯ ಸಲ ಹೊರಟಿದ್ದು ನನ್ನ ನಿಜವಾದ ತಾಯಿಯನ್ನು ಹುಡುಕುವುದಕ್ಕೆ. ನಿನ್ನನ್ನು ತೌಡು ಕೊಟ್ಟು ಕೊಂಡುಕೊಂಡೆವು ಎಂದು ಅವ್ವ ತಮಾಷೆಗೆ ಅಂದಿದ್ದಳು. ತೌಡು ಇಸಕೊಂಡು ನನ್ನನ್ನು ಮಾರಿದ ಆ ಮಹಾತಾಯಿ ಎಲ್ಲೋ ಎಮ್ಮೆ ಸಾಕಿಕೊಂಡು ಅಳುತ್ತಾ ಕೂತಿರಬಹುದು ಎಂದು ನನಗೆ ಖಾತ್ರಿಯಾಯಿತು. ಎಮ್ಮೆ ಕಂಡ ಮನೆಗಳ ಬಾಗಿಲನ್ನೆಲ್ಲ ಬಡಿದು, “ನೀವು ಯಾವತ್ತಾದ್ರೂ ತೌಡಿಗೆ ಮಗು ಮಾರಿದ್ರಾ?” ಎಂದು ಕೇಳಿದೆ. ಹಿಂದೆ ನಮ್ಮ ಮನೆಯ ಬಾಗಿಲಲ್ಲಿ ಅವ್ವ ನಿಂತುಕೊಂಡು, “ತೌಡಲ್ಲ ಕಣೇ, ಒಳ್ಳೇ ಕಡಲೇಕಾಯಿ ಹಿಂಡಿ ಕೊಟ್ಟು ತಕೊಂಡಿದ್ದು! ಬೆಲೆ ಜಾಸ್ತಿ ನಿಂಗೆ!” ಎಂದು ಸಮಾಧಾನ ಮಾಡುತ್ತಿದ್ದಳು.

ಮೂರನೆಯ ಸಲ ನನಗೆ ಕೋಪ ಬಂದದ್ದು ಮನೆಯ ಮೇಲೇ. ಒಂದು ದಿನವಾದರೂ ನೆಟ್ಟಗೆ ಓಡಿಹೋಗಲು ಬಿಡುವುದಿಲ್ಲವಲ್ಲ ಎಂದು ಅತ್ತುಕೊಂಡು ಗುಡ್ಡ ಹತ್ತಿದೆ. ಮನೆಯೂ ಹತ್ತಿತು. “ಬರಬ್ಯಾಡ!” ಎಂದು ಕಲ್ಲು ಎಸೆದೆ. ಹೆಂಚೊಂದು ಒಡೆಯಿತು. ಕೊನೆಗೆ ಗುಡ್ಡದ ಆಚೆ ಅಂಟುವಾಳದ ತೋಪಿನಲ್ಲಿ ಸುಸ್ತಾಗಿ ಕೂತೆ, ಮನೆಯೂ ಕೂತಿತು. ಒಳಗಿನಿಂದ ಒಗ್ಗರಣೆ ವಾಸನೆ ಬಂತು. ಎದ್ದು ಹೋಗಿ ಉಂಡೆ.

ತೋಪಿನಲ್ಲಿ ನಾವು ಚೆನ್ನಾಗಿಯೇ ಇದ್ದೆವು. ಗಾಳಿ ಇತ್ತು, ಹತ್ತಿರದಲ್ಲೇ ಸೀಬೆ ಮರವಿತ್ತು. ಬಟ್ಟೆ ಹೊಲಿಸುವವರು ಅಷ್ಟು ದೂರ ನಡೆದು ಬರುತ್ತಿದ್ದರು, ಅಪ್ಪನ ಕೈ ಅಂಥದ್ದು. ಸುಖವಿಲ್ಲದ್ದು ಹೊನ್ನತ್ತೆಗೆ ಮಾತ್ರ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಜಗಲಿಯಲ್ಲಿ ಚೌಕಾಬಾರದ ಮುಂದೆ ಒಬ್ಬಳೇ ಕೂತಿರುತ್ತಿದ್ದಳು. ಕವಡೆ ಕಾಫಿಗೆ ಹೋದ ಚಿಕ್ಕತಾಯಮ್ಮನ ಮಡಿಲಲ್ಲೇ ಉಳಿದಿದ್ದವು. ಬಳೆಚೂರಿನ ಕಾಯಿಗಳು ನಮ್ಮ ಹತ್ತಿರ ಇದ್ದವು, ಹಸಿರು ಅತ್ತೆಯದು, ಕೆಂಪು ಚಿಕ್ಕತಾಯಮ್ಮನದು. ಆಟ ನಿಂತಾಗ ಯಾವ ಕಾಯಿ ಯಾವ ಮನೆಯಲ್ಲಿತ್ತೋ ಅಲ್ಲೇ ಇರಬೇಕೆಂದು ನಾನು ಪಣ ತೊಟ್ಟಿದ್ದೆ. ದಿನಾ ಬೆಳಗ್ಗೆ ಜಗಲಿ ಗುಡಿಸಿ, ಮಾಸಿದ ಗೆರೆಗಳನ್ನು ಇದ್ದಿಲಿನಿಂದ ತಿದ್ದಿ, ಕಾಯಿಗಳ ಮೇಲೆ ಬಿದಿರು ಬುಟ್ಟಿ ಕವುಚಿ ಇಡುತ್ತಿದ್ದೆ. ಮನೆ ಮೂರು ಸಲ ಊರು ಸುತ್ತಿದರೂ ಜರುಗಿದ ಕಾಯಿಗಳನ್ನೆಲ್ಲ ಮತ್ತೆ ಅದದೇ ಮನೆಗೆ ಇಟ್ಟು ಕಾಪಾಡಿದವಳು ನಾನು. ಬುಟ್ಟಿ ಮುಟ್ಟಿದರೆ ಅಪ್ಪನಿಗೂ ಬೈಗುಳ.

ಒಂದು ಸಲ ಅಪ್ಪ ಗಾಡಿ ಕಟ್ಟಿಸಿ ಅತ್ತೆಯನ್ನು ಗಾಣದ ಬೀದಿಗೆ ಕರೆದುಕೊಂಡು ಹೋದ. ಸಂಜೆ ಅವಳು ಮುಖ ಊದಿಸಿಕೊಂಡು ಬಂದಳು. ಉಣ್ಣುವಾಗ ತಾನಾಗಿ ಹೇಳಿದಳು: “ಉಪ್ಪಿಟ್ಟು ಮಾಡಿದ್ಲು. ತಟ್ಟೆ ಕೆಳಗೆ ಇನ್ನೊಂದು ತಟ್ಟೆ ಇಟ್ಟು ಕೊಟ್ಲು. ಕಾಫೀನ ಹೊಸಾ ಸ್ಟೀಲ್ ಲೋಟದಲ್ಲಿ ಕೊಟ್ಲು ಕಣಮ್ಮಿ. ನೆಂಟ್ರಿಗೆ ಕೊಡೋ ಲೋಟ!” ಅಷ್ಟು ಹೇಳಿ ಅತ್ತುಬಿಟ್ಟಳು. ಆಮೇಲೆ ಗಾಡಿ ಕಟ್ಟಿಸುತ್ತೇನೆಂದರೂ ಹೋಗಲಿಲ್ಲ. ನೆಂಟಳಾಗಿ ಹೋಗುವುದಕ್ಕಿಂತ ಹೋಗದಿರುವುದೇ ಮೇಲು ಅಂದಳು.

ಅತ್ತ ಚಿಕ್ಕತಾಯಮ್ಮ ನಮ್ಮ ಹಳೇ ಜಾಗವನ್ನು ಕಾಯುತ್ತಿದ್ದಳು. ಇನ್ಯಾರ ಮನೆಯೂ ಬಂದು ಕೂರದ ಹಾಗೆ ಅಲ್ಲಿ ಹಪ್ಪಳ ಹರವುತ್ತಿದ್ದಳು, ಹುಣಸೆಹಣ್ಣು ಹರವುತ್ತಿದ್ದಳು, ಏನೂ ಇಲ್ಲದಿದ್ದರೆ ಮಂಚ ಎಳೆದು ತಾನೇ ಹರಡಿಕೊಳ್ಳುತ್ತಿದ್ದಳು. ಇಲ್ಲದ ನಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ ಎಂದು ಶಂಭಯ್ಯ ಬಂದು ಹೇಳಿದಾಗ ಅತ್ತೆ, “ಅವ್ಳಿಗೆ ರಂಗೋಲೀಲಿ ಒಂದು ಎಳೇನೂ ನೆಟ್ಟಗೆ ಬರಲ್ಲ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೀಗಿರುವಾಗ ನನ್ನ ಹಲ್ಲುಗಳು ಒಂದೊಂದಾಗಿ ಬೀಳುತ್ತಾ ಬಂದು ಒಂದೇ ಒಂದು ದವಡೆ ಹಲ್ಲು ಉಳಿಯಿತು. ಅದೂ ಅಲುಗಾಡುತ್ತಿತ್ತು. ಅದು ಬಿದ್ದರೆ ಮುಗಿಯಿತು, ನಮ್ಮ ಮನೆ ತೋಪಿನಲ್ಲೇ ಬೇರು ಬಿಡುತ್ತದೆ. ಅವ್ವ ನನಗೆ ಕಬ್ಬು, ಚಕ್ಕುಲಿ ಎಲ್ಲ ನಿಲ್ಲಿಸಿ ಗಂಜಿ ಕುಡಿಸತೊಡಗಿದಳು. “ನಾಲಿಗೆ ಸುಮ್ನಿರಿಸ್ಕೊಳೇ, ತಳ್ಳಬ್ಯಾಡ್ವೇ ಅದನ್ನ,” ಎಂದು ಹೊತ್ತು ಹೊತ್ತಿಗೂ ಹೇಳುತ್ತಿದ್ದಳು.

ಹೊನ್ನತ್ತೆಗಾಗಿ ಮನೆಯನ್ನು ಹಳೇ ಜಾಗಕ್ಕೆ ಒಯ್ಯಬೇಕೆಂದು ಮೊದಲು ನಾಟಕ ಮಾಡಿ ನೋಡಿದೆವು. ನಾನು ಗಂಟು ಹಿಡಿದು, ಹುಬ್ಬು ಗಂಟಿಕ್ಕಿ, “ಈ ಮನೇಲಿ ನಾನಿರಲ್ಲ!” ಎಂದು ಗಾಣದ ಬೀದಿಯ ಕಡೆ ನಡೆದೆ. ಮನೆ ಒಂದು ಹೆಂಚೂ ಅಲುಗಿಸಲಿಲ್ಲ. ಆಮೇಲೆ ಅಪ್ಪ ಅವ್ವ ಸೇರಿ ನನಗೆ ನಿಜವಾದ ಕೋಪ ಬರಿಸಲು ಹೊರಟರು. ಅವ್ವ ಪಾಯಸದಲ್ಲಿದ್ದ ಗೋಡಂಬಿಯನ್ನೆಲ್ಲ ಆರಿಸಿಕೊಂಡು ನನ್ನೆದುರಿಗೇ ತಿಂದಳು. ತಿನ್ನುವಾಗ ಪಾಪ ಅವಳ ಕಣ್ಣಲ್ಲಿ ನೀರು. ಅಪ್ಪ ನನ್ನ ಹಬ್ಬದ ಲಂಗವನ್ನು ಬೇಕೆಂದೇ ಒಂದು ಕಡೆ ಗಿಡ್ಡ ಹೊಲಿದ. ಆದರೆ ಅವನ ಕೈಗೆ ಕೆಟ್ಟದಾಗಿ ಹೊಲಿಯಲು ಬರದೆ ಅದೊಂದು ಹೊಸ ಫ್ಯಾಷನ್ ಆಗಿ ಕೂತಿತು. “ಕೋಪ ಬಂತಾ ಮಗಳೇ?” ಎಂದು ಆಸೆಯಿಂದ ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಪ್ರೀತಿಯಿಂದ ಗೋಳುಹುಯ್ದುಕೊಂಡರೆ ಯಾರಿಗೆ ಕೋಪ ಬರುತ್ತದೆ?

“ಬಿಡ್ರೋ, ಮಗೂನ ಯಾಕೆ ಹಿಂಗೆ ಕಾಡ್ತೀರ? ನಂಗೇನೂ ಬ್ಯಾಡ,” ಎಂದಳು ಹೊನ್ನತ್ತೆ. ಅವಳೊಬ್ಬಳು ಮಾತ್ರ ಈ ಹುನ್ನಾರಕ್ಕೆ ಸೇರಲಿಲ್ಲ.

ಒಂದು ದಿನ ಬೆಳಗಿನ ಹೊತ್ತು ಶಂಭಯ್ಯ ಏದುಸಿರು ಬಿಡುತ್ತಾ ಬಂದ. “ಹೊನ್ನಕ್ಕಾ, ಗಿರಣಿ ಬಸವಯ್ಯನ ಮಗ ದೊರೆ ಮುನಿಸ್ಕೊಂಡು ಗಾಣದ ಬೀದಿ ಕಡೀಕ್ ಹೊಂಟವ್ನೆ. ಹಿಂದೆ ಅವರ ದೊಡ್ಡ ಮನೆ. ಬೀದೀಲಿ ಖಾಲಿ ಇರೋದು ನಿಮ್ ಜಾಗ ಒಂದೇ. ಚಿಕ್ಕತಾಯವ್ವ ಮಂಚ ಹಾಕ್ಕೊಂಡು ಮಲಗವ್ಳೆ, ಯಾರ್ ಏಳ್ಸಿದ್ರೂ ಏಳ್ತಿಲ್ಲ.”

ಅತ್ತೆ ಬುಟ್ಟಿಯ ಮೇಲೆ ಕೈಯಿಟ್ಟಳು. ಆಮೇಲೆ, “ಬರ್ಲಿ ಬಿಡು. ಅವ್ಳಿಗೂ ಅಕ್ಕಪಕ್ಕ ಒಂದು ಜನ ಬ್ಯಾಡ್ವಾ? ಎಷ್ಟು ದಿನಾಂತ ಬಯಲು ಕಾಯ್ತಾಳೆ?” ಅಂದಳು. ನನ್ನ ಕಡೆ ತಿರುಗಿ, “ಒಂದು ಒದ್ದೆ ಬಟ್ಟೆ ತಾ,” ಅಂದಳು.

ತಂದುಕೊಟ್ಟೆ. ಅವಳು ಬುಟ್ಟಿ ತೆಗೆದು ಬದಿಗಿಟ್ಟು, ಚೌಕಾಬಾರದ ಒಂದು ಮೂಲೆಯಿಂದ ಗೆರೆಗಳನ್ನು ಒರೆಸಲು ಶುರು ಮಾಡಿದಳು.

ನನಗೆ ಕಾಲಿನಿಂದ ತಲೆಯವರೆಗೆ ಉರಿ ಹತ್ತಿತು. “ಏನ್ ಮಾಡ್ತಿದ್ದೀಯ ಅತ್ತೆ!”

“ಆಟ ಮುಗೀತು ಕಣಮ್ಮಿ. ನನ್ ಜಗಲಿ, ನಾನ್ ಒರೆಸ್ತೀನಿ.”

“ನಿನ್ ಜಗಲಿ ಅಂತೆ! ದಿನಾ ಗೆರೆ ತಿದ್ದಿದ್ದು ಯಾರು? ಕಾಯಿ ಕಾದಿದ್ದು ಯಾರು? ಆವಮ್ಮ ಅಲ್ಲಿ ಮಂಚ ಬಿಟ್ಟು ಏಳದೆ ಮಲಗವ್ಳೆ, ನೀನಿಲ್ಲಿ ಒರೆಸ್ತಾ ಕೂತಿದ್ದೀಯ! ಹೇಡಿ ಅತ್ತೆ ನೀನು! ನಿನ್ ಜೊತೆ ನಾನಿರಲ್ಲ. ಚಿಕ್ತಾಯಮ್ಮನ ಮನೇಲೇ ಇರ್ತೀನಿ, ಅವ್ಳಿಗೇ ಮೊಮ್ಮಗಳಾಗ್ತೀನಿ!”

ಗಂಟು ಕಟ್ಟಲಿಲ್ಲ, ಬೆಲ್ಲ ತಕೊಳ್ಳಲಿಲ್ಲ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಅಳುತ್ತಾ ಹೊರಟವಳಿಗೆ ಮನೆಯ ನೆನಪೇ ಇರಲಿಲ್ಲ. ಗುಡ್ಡ ಇಳಿದು ಕೆರೆ ಏರಿ ಮುಟ್ಟುವಾಗ ಹಿಂದೆ ಪಾತ್ರೆಗಳು ಗಡಗಡ ಅಂದವು. ತಿರುಗಿ ನೋಡಿದರೆ ಮನೆ! ಬಂದೇ ಬಿಟ್ಟಿದೆ! ಕಿಟಕಿಯಲ್ಲಿ ಅಪ್ಪ ಎರಡು ಕೈಯೂ ಎತ್ತಿ, “ಹಂಗೇ ಕೋಪ ಇಟ್ಕೋ ಮಗಳೇ! ಇಳಿಸ್ಬ್ಯಾಡ! ಬಲಕ್ಕೆ ತಿರುಗು!” ಎಂದು ಕುಣಿಯುತ್ತಿದ್ದಾನೆ. ಅವನ ಹಿಂದೆ ಹೊಲಿಗೆ ಮಿಷನ್ನು ಆ ಗೋಡೆಯಿಂದ ಈ ಗೋಡೆಗೆ ಉರುಳುತ್ತಿದೆ. ಅವ್ವ ಅದನ್ನು ಅಟ್ಟಿಸಿಕೊಂಡು ಓಡಾಡುತ್ತಿದ್ದಾಳೆ. ತುಟಿ ಕಚ್ಚಿ ಹಿಡಿದೆ, ಕೆನ್ನೆ ಕಚ್ಚಿ ಹಿಡಿದೆ. ಸಂತೆಮಾಳದ ನಡುವೆ ಬಂದಾಗ ತಡೆಯಲಾಗದೆ ಕಿಸಕ್ಕೆಂದು ನಕ್ಕುಬಿಟ್ಟೆ.

ಮನೆ ಧಡಕ್ಕನೆ ಕೂತುಬಿಟ್ಟಿತು. ಕುಂಬಳಕಾಯಿ ಮಾರುವವನು ಬುಟ್ಟಿ ಬಿಟ್ಟು ಓಡಿದ.

“ಅಯ್ಯಯ್ಯೋ, ಸಂತೇಲಿ ಸಂಸಾರ ಮಾಡ್ಬೇಕಾಯ್ತಲ್ಲಪ್ಪಾ!” ಎಂದು ಅವ್ವ ಹಣೆ ಚಚ್ಚಿಕೊಂಡಳು. ನಾನು ಹುಬ್ಬು ಗಂಟಿಕ್ಕಿದೆ, ಕಾಲು ನೆಲಕ್ಕೆ ಬಡಿದೆ, ಕೆಟ್ಟ ಕೆಟ್ಟದ್ದನ್ನೆಲ್ಲ ನೆನೆಸಿಕೊಂಡೆ. ಏನೂ ಬರಲಿಲ್ಲ. ನಾಲಿಗೆಗೆ ತಾಗಿದ ಹಲ್ಲು ಜೋಲಾಡುತ್ತಿತ್ತು. ಸಂತೆಮಾಳದ ಆಚೆ ತುದಿಯಿಂದ ಗಾಣದ ಬೀದಿ ಕಾಣುತ್ತಿತ್ತು. ಆಗ ನಿಜವಾಗಿ ಹೆದರಿಕೆಯಾಯಿತು.

ಹೊನ್ನತ್ತೆ ಜಗಲಿಯ ತುದಿಗೆ ಜರುಗಿ ಕೂತಿದ್ದಳು. ಅವಳೂ ಗಾಣದ ಬೀದಿಯ ಕಡೆ ನೋಡುತ್ತಿದ್ದಳು. ಇಷ್ಟು ಹತ್ತಿರ ಬಂದು ಅದನ್ನು ಕಂಡ ಮೇಲೆ ಅವಳ ಮುಖವೇ ಬೇರೆಯಾಗಿತ್ತು. ಏನೂ ಬೇಡ, ಏನೂ ಬೇಡ ಎನ್ನುತ್ತಿದ್ದವಳು ಅವಳೇನಾ ಎಂದು ನಾನು ನೋಡುತ್ತಿರುವಾಗಲೇ, ಚೌಕದೊಳಗಿದ್ದ ಒಂದು ಹಸಿರು ಬಳೆಚೂರನ್ನು ಎತ್ತಿ ನನಗೆ ತೋರಿಸಿ ಬೀದಿಗೆ ಎಸೆದಳು.

“ಅತ್ತೇ!”

“ಏನೇ? ನನ್ ಕಾಯಿ. ಬೇಕಾದ್ರೆ ಎಸೀತೀನಿ.” ಇನ್ನೊಂದನ್ನು ಎಸೆದಳು. ಅದು ನಡುಚೌಕ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ ಇದ್ದ ಕಾಯಿ. ಗಾಳಿಗೆ, ಮಳೆಗೆ, ಕೋಳಿಗೆ ಸಿಗದ ಹಾಗೆ ನಾನು ಕಾಪಾಡಿದ್ದ ಕಾಯಿ. ಅವಳು ಬೇಕೆಂದೇ ಎಸೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೇನು, ಎಸೆದದ್ದು ಎಸೆದದ್ದೇ ಅಲ್ಲವೇ? ಬಳೆಚೂರು ಕಲ್ಲಿಗೆ ತಾಗಿ ಪುಡಿಯಾಯಿತು. ನನ್ನ ಹೊಟ್ಟೆಯೊಳಗಿಂದ ಕೋಪ ಭುಗ್ಗೆಂದಿತು.

ನಾನು ಓಡಿದೆ. ಮನೆಯೂ ಎದ್ದು ಓಡಿತು. ಅತ್ತೆ ದಾರಿಯುದ್ದಕ್ಕೂ ಒಂದೊಂದು ಕಾಯಿ ಎಸೆಯುತ್ತಾ, ಒಂದೊಂದು ಗೆರೆ ಒರೆಸುತ್ತಾ, “ನೋಡು, ಇನ್ನೊಂದು! ನೋಡು, ಇನ್ನೊಂದು!” ಎಂದು ಕೂಗುತ್ತಾ ಬಂದಳು. ಕೂಗುವಾಗ ಅವಳೂ ಅಳುತ್ತಿದ್ದಳು. ಅವಳಿಗೂ ಆ ಆಟ ಅಷ್ಟೇ ಮುಖ್ಯವಾಗಿತ್ತು. ಅದನ್ನು ಕಳೆದುಕೊಂಡೇ ಅವಳು ಆ ಬೀದಿಗೆ ಬರಬೇಕಾಗಿತ್ತು.

ಗಾಣದ ಬೀದಿಯ ಮೂಲೆಯಲ್ಲಿ ಗಿರಣಿಯವರ ಮನೆ ಅಡ್ಡಡ್ಡಲಾಗಿ ಕೂತಿತ್ತು. ಚಿಕ್ಕತಾಯಮ್ಮ ಮಂಚದ ಮೇಲೆ ಮಲಗಿದ್ದ ಹಾಗೇ ದೊರೆಯನ್ನು ಹತ್ತಿರ ಕರೆದು ಬಾಯಿಗೆ ಕೊಬ್ಬರಿ ಮಿಠಾಯಿ ತುರುಕಿದ್ದಳಂತೆ. ಎರಡನೇ ತುಂಡಿಗೆ ಅವನ ಕೋಪ ಕರಗಿ ಮನೆ ಅಲ್ಲೇ ಕೂತುಬಿಟ್ಟಿತ್ತು. ಇವತ್ತಿಗೂ ಅಲ್ಲಿ ಗಾಡಿ ತಿರುಗಿಸಲು ಆಗುವುದಿಲ್ಲ, ಎಲ್ಲರೂ ಬೈದುಕೊಂಡೇ ಹೋಗುತ್ತಾರೆ.

ನಾನು ಪಕ್ಕದಲ್ಲಿ ನುಸುಳಿ, ನಮ್ಮ ಮನೆ ಗಿರಣಿಯವರ ಮನೆಗೆ ಭುಜ ಉಜ್ಜಿಕೊಂಡು ನುಸುಳಿ, ಇಬ್ಬರೂ ಬಯಲಿಗೆ ಬಂದೆವು. ಚಿಕ್ಕತಾಯಮ್ಮ ಆ ಮೈ ಹೊತ್ತುಕೊಂಡು ಅಷ್ಟು ಚುರುಕಾಗಿ ಎದ್ದದ್ದನ್ನು ಬೀದಿಯವರು ಯಾವತ್ತೂ ನೋಡಿರಲಿಲ್ಲ. ಮಂಚ ಎಳೆದುಕೊಂಡು ತನ್ನ ಜಗಲಿ ಹತ್ತಿದಳು. ನಾನು ಓಡಿಹೋಗಿ ಅವಳ ಸೀರೆಯಲ್ಲಿ ಮುಖ ಮುಚ್ಚಿಕೊಂಡು, “ನಾನಿನ್ನು ನಿಮ್ ಮನೇಲೇ ಇರ್ತೀನಿ, ಅತ್ತೆ ಬ್ಯಾಡ ನಂಗೆ,” ಎಂದು ಬಿಕ್ಕಿದೆ. ಅವಳು, “ಇರು ನನ್ ಕಂದ, ಯಾರ್ ಬ್ಯಾಡ ಅಂದೋರು?” ಎಂದು ಉಳಿದಿದ್ದ ಮಿಠಾಯಿ ತುಂಡನ್ನು ನನ್ನ ಬಾಯಿಗಿಟ್ಟಳು. ಕಚ್ಚಿದೆ. ಕಟಕ್ಕೆಂದಿತು.

ಹಿಂದೆ ನಮ್ಮ ಮನೆ ಮೆಲ್ಲಗೆ, ಹೆಂಚು ಕಿರುಗುಟ್ಟಿಸಿಕೊಂಡು, ತನ್ನ ಹಳೇ ಜಾಗದಲ್ಲಿ ಕೂತಿತು. ರಂಗೋಲಿ ಸರಿಯಾಗಿ ಬಾಗಿಲ ಮುಂದೆ ಬಂತು. ನಾನು ಅಂಗೈಗೆ ಉಗುಳಿದ ಹಲ್ಲನ್ನು ಚಿಕ್ಕತಾಯಮ್ಮ ತೊಳೆದು, ನಮ್ಮ ಹೆಂಚಿನ ಮೇಲಕ್ಕೆ ಎಸೆದಳು. ಅಲ್ಲಿಂದ ಆ ಮನೆ ಕದಲಿಲ್ಲ.

ಹೊನ್ನತ್ತೆ ಒದ್ದೆ ಬಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಳು. ಮುಂದಿದ್ದ ಚೌಕ ಪೂರಾ ಅಳಿಸಿಹೋಗಿ ಬರೀ ಕಪ್ಪು ಕಲೆ ಉಳಿದಿತ್ತು. ಚಿಕ್ಕತಾಯಮ್ಮ ಇಣುಕಿ ನೋಡಿದಳು.

“ಒರೆಸ್ಬಿಟ್ಯಾ? ನಾನು ಗೆಲ್ತಿದ್ದೆ ಕಣೇ.”

“ಗೆಲ್ತಿದ್ಲಂತೆ, ಸುಳ್ಳಿ! ಒಂದೇ ಮನೆ ಬಾಕಿ ಇತ್ತು ನಂದು.”

“ಆಟ ನಿಂದಾಗಿತ್ತು. ಆಡ್ದೆ ಎದ್ದು ಹೋದೆ.”

“ನಾನೆಲ್ಲಿ ಎದ್ದೆ? ಮನೆ ಎದ್ದಿದ್ದು!”

ಚಿಕ್ಕತಾಯಮ್ಮ ಏನೋ ಗೊಣಗಿಕೊಂಡು ಒಳಗೆ ಹೋದಳು. ಅತ್ತೆ ಬಾಗಿಲ ಕಡೆಯೇ ನೋಡುತ್ತಿದ್ದಳು. ಒಲೆಯ ಸದ್ದಾಯಿತು, ಕಾಫಿ ವಾಸನೆ ಬಂತು. ಅತ್ತೆಯ ಬೆರಳುಗಳು ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದವು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನೂ ಉಸಿರು ಬಿಗಿಹಿಡಿದಿದ್ದೆ, ಕೋಪ ಗೀಪ ಎಲ್ಲ ಮರೆತುಹೋಗಿತ್ತು.

ಚಿಕ್ಕತಾಯಮ್ಮ ಒಂದು ಮಗ್ಗುಲಾಗಿ ಬಾಗಿಲು ದಾಟಿ ಬಂದು, ಸಂದಿಯ ಮೇಲೆ ಕೈ ಚಾಚಿದಳು. ಕೈಯಲ್ಲಿ ಸೊಟ್ಟ ಲೋಟ.

“ತಕೋ,” ಎಂದಳು. “ಎಷ್ಟೊತ್ತು ಹಿಡ್ಕೊಂಡಿರ್ಲಿ? ಆರೋಯ್ತದೆ.”